ಲಗ್ನದ ವಿಡಿಯೋ ಎಡಿಟಿಂಗ್‌ಗೆ ಹೊಸ ಡೆಸ್ಕ್‌ಟಾಪ್: ಐ7 ಬೇಕಾ, ಗ್ರಾಫಿಕ್ಸ್ ಕಾರ್ಡ್ ಬೇಕಾ?

ನವನಗರ ಸ್ಟುಡಿಯೋ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಗಂಡ ಹೆಂಡತಿ ನವನಗರದಲ್ಲಿ ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇವೆ. ಶೂಟಿಂಗ್ ನಮ್ಮ ಮನೆಯವರದು, ಆಲ್ಬಮ್ ಮತ್ತು ವಿಡಿಯೋ ಎಡಿಟಿಂಗ್ ನನ್ನದು.

ಈಗಿರುವ ಕಂಪ್ಯೂಟರ್: ಐ5-7400 ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್. ಇಷ್ಟು ವರ್ಷ ಚೆನ್ನಾಗಿಯೇ ದುಡಿದಿದೆ. ಹೊಸ ಕ್ಯಾಮೆರಾ ಬಂದ ಮೇಲೆ ಕಷ್ಟ ಶುರುವಾಯಿತು. ಅದರ 4ಕೆ ವಿಡಿಯೋ ಟೈಮ್‌ಲೈನ್‌ಗೆ ಹಾಕಿದರೆ ಸಾಕು, ಚಿತ್ರ ನಿಂತು ನಿಂತು ಓಡುತ್ತದೆ. ಅಕ್ಷತೆ ಬೀಳುವ ಜಾಗದಲ್ಲಿ ಕಟ್ ಮಾಡಬೇಕೆಂದರೆ ಸರಿಯಾದ ಫ್ರೇಮ್ ಸಿಗುವುದೇ ಇಲ್ಲ. ಲಗ್ನದ ಸೀಜನ್ ಹತ್ತಿರ ಬಂದಿದೆ. ಜನ ಆಲ್ಬಮ್, ವಿಡಿಯೋ ಎರಡನ್ನೂ ಬೇಗ ಕೇಳುತ್ತಾರೆ.

ಎರಡು ಅಂಗಡಿಯಿಂದ ಕೊಟೇಶನ್ ತಂದಿದ್ದೇನೆ. ಒಂದರಲ್ಲಿ ಬರೆದದ್ದು ಇಷ್ಟೇ: "ಕೋರ್ ಐ7, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್". ರೇಟ್ ಬಹಳ ಕಡಿಮೆ. ಇನ್ನೊಂದರಲ್ಲಿ ಐ5-12400ಎಫ್ ಮತ್ತು ಆರ್‌ಟಿಎಕ್ಸ್ 3050 6 ಜಿಬಿ ಇದೆ. ನಮ್ಮ ಕೈಯಲ್ಲಿ 70 ಸಾವಿರ ಇದೆ. ಮಾನಿಟರ್ ಬೇಡ, ಇದೆ. ಎಡಿಟಿಂಗ್‌ಗೆ ಎಡಿಯಸ್ ಬಳಸುತ್ತೇನೆ, ಕೆಲವೊಮ್ಮೆ ಪ್ರೀಮಿಯರ್. ಯಾವುದು ತಗೊಳ್ಳಲಿ?

ಜಮಖಂಡಿ ಡಿಟಿಪಿ

ಅಕ್ಕಾ, ಆ ಮೊದಲನೇ ಕೊಟೇಶನ್ ಪಕ್ಕಕ್ಕಿಡಿ. ಬರೀ "ಐ7" ಅಂದರೆ ಏನೂ ಹೇಳಿದಂತಲ್ಲ. ಮುಂದಿನ ನಂಬರ್ ಕೇಳಿ. ಇಷ್ಟು ಕಡಿಮೆ ರೇಟಿಗೆ ಸಿಗುವ ಐ7 ಸಾಮಾನ್ಯವಾಗಿ 2012ರ ಐ7-3770 ಆಗಿರುತ್ತದೆ. ಹಳೆ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ ಪ್ರೊಸೆಸರ್‌ಗೆ ಹೊಸ ಎಚ್61 ಮದರ್‌ಬೋರ್ಡ್, ಬಣ್ಣದ ಲೈಟ್ ಇರುವ ಕ್ಯಾಬಿನೆಟ್ ಹಾಕಿ ಕೊಡುತ್ತಾರೆ. ಅದು ನಾಲ್ಕು ಕೋರ್ (ಪ್ರೊಸೆಸರ್ ಒಳಗಿನ ಕೆಲಸಗಾರರು ಇದ್ದಂತೆ), ಎಂಟು ಥ್ರೆಡ್ (ಒಟ್ಟಿಗೆ ಹಿಡಿಯುವ ಕೆಲಸದ ಎಳೆಗಳು). ಈಗಿನ ಐ3-12100 ಕೂಡ ನಾಲ್ಕು ಕೋರ್, ಎಂಟು ಥ್ರೆಡ್ಡೇ. ಆದರೆ ಒಂದೊಂದು ಕೋರ್ ಮಾಡುವ ಕೆಲಸದಲ್ಲಿ ಐ3 ಎಷ್ಟೋ ಮುಂದಿದೆ.

"4 ಜಿಬಿ ಗ್ರಾಫಿಕ್ಸ್" ಕೂಡ ಹಾಗೇ. ಜಿಟಿ 730ಗೂ 4 ಜಿಬಿ ಇರುತ್ತದೆ. ಅದು 2014ರ ಕಾರ್ಡ್. ನಿಮ್ಮ ಈಗಿನ 1050 ಟಿಐ ಅದಕ್ಕಿಂತ ಎಷ್ಟೋ ಪಾಲು ಮೇಲು. ಮೆಮೊರಿ ಎಷ್ಟು ಅಂತ ಕೇಳುವ ಮೊದಲು ಚಿಪ್ ಯಾವುದು ಅಂತ ಕೇಳಬೇಕು.

ನನಗೆ ಇದು ಸಿಟ್ಟು ತರಿಸುವ ವಿಷಯ. ನಮ್ಮ ಓಣಿಯ ಒಬ್ಬ ಹುಡುಗನ ತಂದೆ ಹೊಲದ ದುಡ್ಡಿನಲ್ಲಿ ಇಂಥದ್ದೇ ಒಂದು ಡಬ್ಬಿ ತಂದುಕೊಟ್ಟರು. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ ಕೂಡ ಕೊಟ್ಟಿರಲಿಲ್ಲ.

ನವನಗರ ಸ್ಟುಡಿಯೋ

ಅಯ್ಯೋ, ಹಾಗಾದರೆ ಅದು ಬೇಡವೇ ಬೇಡ. ಫೋನ್ ಮಾಡಿ ನಂಬರ್ ಕೇಳಿದೆ. "ಐ7 ಅಂದ್ರೆ ಐ7 ರೀ ಮೇಡಮ್" ಅಂದರು, ಅಷ್ಟೇ. ಎರಡನೆಯದು ಓಕೆನಾ?

ಗೋಕಾಕ ಫಾಲ್ಸ್

ಎರಡನೆಯದು ತಪ್ಪಿಲ್ಲ. ಆದರೆ ಅದು ಮುಗಿದ ದಾರಿ. 12400ಎಫ್ ಕೂರುವ ಎಲ್‌ಜಿಎ1700 ಸಾಕೆಟ್‌ಗೆ 12, 13, 14ನೇ ಜನರೇಶನ್ ಬರುತ್ತವೆ. ಅದರಾಚೆಗೆ ಇಲ್ಲ. ಇಂಟೆಲ್‌ನ ಕೋರ್ ಅಲ್ಟ್ರಾ 200 ಸರಣಿಗೆ ಬೇರೆ ಸಾಕೆಟ್ಟೇ ಬೇಕು. ಇನ್ನೊಂದು ಕಂಪನಿ ಎಎಂಡಿಯ ಎಎಂ5 ಸಾಕೆಟ್ ನೋಡಿ: 2022ರಲ್ಲಿ ಬಂತು, 2027ರವರೆಗಾದರೂ ಬೆಂಬಲ ಇರುತ್ತದೆ ಅಂತ ಕಂಪನಿಯೇ ಹೇಳಿದೆ. ಹಿಂದಿನ ಎಎಂ4ನಲ್ಲಿ ಮಾತು ಉಳಿಸಿಕೊಂಡಿದ್ದಾರೆ. 2017ರ ಕೆಲವು ಬೋರ್ಡ್‌ಗಳಿಗೆ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಎಎಂಡಿಯ ರೈಜೆನ್ 5000 ಸರಣಿ ಹಾಕಿಕೊಂಡವರು ಎಷ್ಟೋ ಜನ ಇದ್ದಾರೆ.

ನಾನಾದರೆ ರೈಜೆನ್ 5 7600 ತಗೊಳ್ಳುತ್ತೇನೆ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಒಳಗೇ ಸಣ್ಣ ಗ್ರಾಫಿಕ್ಸ್ ಕೂಡ ಇದೆ. ಮೂರು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕು.

ಟಿಳಕವಾಡಿ ಎಡಿಟರ್ (ಬೆಳಗಾವಿ)

ಸ್ವಲ್ಪ ತಾಳಿ. ಪ್ರೊಸೆಸರ್ ಹೆಸರು ಹೇಳುವ ಮೊದಲು ಒಂದು ಕೆಲಸ ಆಗಬೇಕು. ಈಗಿನ ಕಂಪ್ಯೂಟರ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ನೋಡಬೇಕು.

ಅಕ್ಕಾ, ಒಂದು ಕ್ಲಿಪ್ ಓಡಿಸಿ. ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಒತ್ತಿ. ಸಿಪಿಯು ಎಷ್ಟು ಪರ್ಸೆಂಟ್, ಮೆಮೊರಿ ಎಷ್ಟು, ಜಿಪಿಯು ಪುಟದಲ್ಲಿ "ವಿಡಿಯೋ ಡಿಕೋಡ್" ಅನ್ನುವ ಗೆರೆ ಎಷ್ಟು, ಮೂರನ್ನೂ ಬರೆದುಕೊಳ್ಳಿ. ಕ್ಯಾಮೆರಾ ಮೆನುವಿನಲ್ಲಿ ರೆಕಾರ್ಡಿಂಗ್ ಯಾವುದು ಇಟ್ಟಿದ್ದೀರಿ ಅಂತಲೂ ನೋಡಿ. ಬಣ್ಣ 8 ಬಿಟ್ಟಾ 10 ಬಿಟ್ಟಾ, 4:2:0ವಾ 4:2:2ವಾ, ವಿಡಿಯೋ ಒತ್ತುವ ಬಗೆ ಎಚ್.264ಆ ಎಚ್.265ಆ. ಇದು ಗೊತ್ತಾಗದೆ ಯಾರು ಏನು ಹೇಳಿದರೂ ಊಹೆ.

ಇಂಡಿ ನಿಂಬೆ (ವಿಜಯಪುರ ಜಿಲ್ಲೆ)

ನಡುವೆ ಬಂದೆ, ಕ್ಷಮಿಸಿ. ನನ್ನ ಮಗ ಬಿಸಿಎ ಓದುತ್ತಿದ್ದಾನೆ, ಎಐ ಕಲಿಯಬೇಕು, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡೇ ಬೇಕು ಅಂತ ಹಟ ಹಿಡಿದಿದ್ದಾನೆ. ಗೇಮ್ ಆಡಲು ನೆಪವೋ, ನಿಜವಾಗಿ ಬೇಕೋ?

ಟಿಳಕವಾಡಿ ಎಡಿಟರ್

ಕಾಕಾ, ಅವನು ಹೇಳುವುದರಲ್ಲಿ ಹುರುಳಿದೆ. ಆ ಕ್ಷೇತ್ರದ ಬಹುಪಾಲು ಸಾಫ್ಟ್‌ವೇರ್ ಎನ್‌ವಿಡಿಯಾದ ಕ್ಯೂಡಾ (ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ವೇದಿಕೆ) ಮೇಲೆ ಬೆಳೆದಿದೆ. ಅವನಿಗೆ ಕಾರ್ಡಿನ ವೇಗಕ್ಕಿಂತ ಮೆಮೊರಿ ಮುಖ್ಯ. ಎಐ ಮಾಡೆಲ್ ಪೂರ್ತಿ ಕಾರ್ಡಿನೊಳಗೆ ಹಿಡಿಸಬೇಕು, ಹೊರಗೆ ಉಳಿದರೆ ತೆವಳುತ್ತದೆ. ಹೀಗಾಗಿ 2021ರ ಆರ್‌ಟಿಎಕ್ಸ್ 3060 12 ಜಿಬಿ, ಅದಕ್ಕಿಂತ ಹೊಸದಾದ 4060 8 ಜಿಬಿಗಿಂತ ಈ ಒಂದು ಕೆಲಸಕ್ಕೆ ಅನುಕೂಲ. ಆದರೆ ಮೊದಲ ವರ್ಷದ ಪೈಥಾನ್ ಪಾಠಕ್ಕೆ ಕಾರ್ಡ್ ಬೇಕಿಲ್ಲ. ಒಳ್ಳೆ ಪ್ರೊಸೆಸರ್, ಒಳ್ಳೆ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇರುವ ಕಂಪ್ಯೂಟರ್ ಕೊಡಿಸಿ, ಕಾರ್ಡ್ ಆಮೇಲೆ ಹಾಕಬಹುದು.

ಉದ್ಯಮಬಾಗ್ ಕ್ಯಾಡ್ (ಬೆಳಗಾವಿ)

ಇಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್, ಡೈ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ನಮ್ಮ ಲೆಕ್ಕ ಬೇರೆ. ತ್ರೀಡಿ ಮಾಡೆಲಿಂಗ್‌ನಲ್ಲಿ ಒಂದು ಫೀಚರ್ ಆದ ಮೇಲೆ ಇನ್ನೊಂದು ಲೆಕ್ಕ ಆಗಬೇಕು, ಎಲ್ಲ ಒಟ್ಟಿಗೆ ಆಗುವುದಿಲ್ಲ. ಹಾಗಾಗಿ ಹದಿನಾರು ಕೋರ್ ಇದ್ದರೂ ಹೆಚ್ಚಿನ ಹೊತ್ತು ಒಂದೇ ಕೋರ್ ದುಡಿಯುತ್ತಿರುತ್ತದೆ. ಆ ಒಂದು ಕೋರ್ ಎಷ್ಟು ಚುರುಕು ಅನ್ನುವುದೇ ನಮಗೆ ಮುಖ್ಯ. ರೆಂಡರ್ ಮಾಡುವಾಗ ಮಾತ್ರ ಎಲ್ಲ ಕೋರ್ ಏಳುತ್ತವೆ. ಅದಕ್ಕೇ "ಒಳ್ಳೆ ಕಂಪ್ಯೂಟರ್ ಯಾವುದು" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಯಾವ ಸಾಫ್ಟ್‌ವೇರ್ ಅಂತ ಕೇಳುತ್ತೇನೆ.

ಜಮಖಂಡಿ ಡಿಟಿಪಿ

ನಮ್ಮಲ್ಲಿ ಕೋರೆಲ್ ಡ್ರಾ, ಫೋಟೋಶಾಪ್, ನುಡಿ, ಮುಗೀತು. ಫ್ಲೆಕ್ಸ್ ಫೈಲ್ ದೊಡ್ಡದಾದಾಗ ತುಂಬುವುದು ರ‍್ಯಾಮ್. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ವರ್ಷಗಳಿಂದ ಕೆಲಸ ನಡೆದಿದೆ. ಡಿಟಿಪಿಯವರು ಕಾರ್ಡಿಗೆ ಹಾಕುವ ದುಡ್ಡನ್ನು 32 ಜಿಬಿ ರ‍್ಯಾಮ್‌ಗೆ ಹಾಕಿದರೆ ಬಹಳ ಸುಖ.

ನವನಗರ ಸ್ಟುಡಿಯೋ

ನೋಡಿದೆ ಅಣ್ಣಾ. ಕ್ಲಿಪ್ ಓಡುವಾಗ ಸಿಪಿಯು 100 ಪರ್ಸೆಂಟ್. ಮೆಮೊರಿ 16ರಲ್ಲಿ 11 ಜಿಬಿ. ವಿಡಿಯೋ ಡಿಕೋಡ್ ಸೊನ್ನೆ! ಗೆರೆ ಅಲ್ಲಾಡುವುದೇ ಇಲ್ಲ. ಹಳೆ ಕ್ಯಾಮೆರಾದ ಕ್ಲಿಪ್ ಹಾಕಿದರೆ ಮಾತ್ರ ಆ ಗೆರೆ ಏಳುತ್ತದೆ. ಹೊಸ ಕ್ಯಾಮೆರಾದಲ್ಲಿ ಎಚ್.265, 10 ಬಿಟ್, 4:2:2 ಅಂತ ಇದೆ. ಕಲರ್ ಚೆನ್ನಾಗಿ ಬರುತ್ತದೆ ಅಂತ ಇವರೇ ಅದನ್ನು ಇಟ್ಟಿದ್ದಾರೆ.

ಟಿಳಕವಾಡಿ ಎಡಿಟರ್

ಸಿಕ್ಕಿತು ನೋಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಎಷ್ಟೋ ಸ್ಟುಡಿಯೋದವರು ಇದೇ ಜಾಗದಲ್ಲಿ ದುಡ್ಡು ಕಳೆಯುತ್ತಿದ್ದಾರೆ.

ಎಚ್.265 ವಿಡಿಯೋ ಬಹಳ ಒತ್ತಿ ಮಡಚಿದ ಫೈಲ್. ಪ್ರತಿ ಫ್ರೇಮ್ ತೋರಿಸುವ ಮೊದಲು ಅದನ್ನು ಬಿಚ್ಚಬೇಕು. ಇದಕ್ಕೆಂದೇ ಗ್ರಾಫಿಕ್ಸ್ ಚಿಪ್ ಒಳಗೆ ಒಂದು ಬೇರೆ ಭಾಗ ಇರುತ್ತದೆ. ಗೇಮ್ ಆಡಿಸುವ ಭಾಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಂಟೆಲ್‌ನಲ್ಲಿ ಇದರ ಹೆಸರು ಕ್ವಿಕ್ ಸಿಂಕ್, 2011ರಿಂದ ಇದೆ. ಆದರೆ ಈ ಭಾಗಕ್ಕೆ ಕಲಿಸಿದ ಬಗೆಗಳು ಮಾತ್ರ ಬರುತ್ತವೆ. ಕಲಿಸದ ಬಗೆ ಬಂದರೆ ಅದು ಸುಮ್ನೆ ಕೂರುತ್ತದೆ, ಭಾರ ಪೂರ್ತಿ ಪ್ರೊಸೆಸರ್ ಕೋರ್‌ಗಳ ಮೇಲೆ ಬೀಳುತ್ತದೆ.

4:2:0ದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಬಣ್ಣದ ಮಾಹಿತಿ. 4:2:2ದಲ್ಲಿ ಎರಡು ಪಿಕ್ಸೆಲ್‌ಗೆ ಒಂದು. ನಿಮ್ಮ 1050 ಟಿಐಗೆ 10 ಬಿಟ್ 4:2:0 ಬರುತ್ತದೆ, 4:2:2 ಬರುವುದಿಲ್ಲ. ಐ5-7400 ಒಳಗಿನ ಗ್ರಾಫಿಕ್ಸ್‌ಗೂ ಬರುವುದಿಲ್ಲ. ಅದಕ್ಕೇ ಗೆರೆ ಸೊನ್ನೆ, ನಾಲ್ಕು ಕೋರ್ ಪೂರ್ತಿ ಕೆಂಪು.

ಈಗ ಎರಡನೇ ಕೊಟೇಶನ್‌ಗೆ ಬನ್ನಿ. ಆರ್‌ಟಿಎಕ್ಸ್ 3050ಕ್ಕೂ ಎಚ್.265 4:2:2 ಬಿಚ್ಚಲು ಬರುವುದಿಲ್ಲ. 30, 40 ಸರಣಿಯ ಯಾವ ಎನ್‌ವಿಡಿಯಾ ಕಾರ್ಡಿಗೂ ಬರುವುದಿಲ್ಲ. 50 ಸರಣಿಯಿಂದ ಶುರುವಾಗಿದೆ. ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ 11ನೇ ಜನರೇಶನ್‌ನಿಂದಲೇ ಇದೆ. ಅಂದರೆ 12400ರಲ್ಲಿ ನಿಮಗೆ ಬೇಕಾದದ್ದು ಇದೆ. 12400ಎಫ್‌ನಲ್ಲಿ ಇಲ್ಲ! "ಎಫ್" ಅಂದರೆ ಒಳಗಿನ ಗ್ರಾಫಿಕ್ಸ್ ಬಂದ್ ಮಾಡಿದ ಮಾದರಿ. ಒಂದೆರಡು ಸಾವಿರ ಉಳಿಸಲು ಹೋಗಿ ನಿಮ್ಮ ಕೆಲಸಕ್ಕೆ ಬೇಕಾದ ಭಾಗವನ್ನೇ ಬಿಟ್ಟಂತೆ. ಮೇಲೆ ಕಾರ್ಡಿಗೆ ಬೇರೆ ದುಡ್ಡು. ಅಷ್ಟಾದರೂ ಟೈಮ್‌ಲೈನ್ ನಿಲ್ಲುತ್ತಿತ್ತು.

ಎಡಿಯಸ್ ಅಂತೂ ಬಹಳ ವರ್ಷದಿಂದ ಕ್ವಿಕ್ ಸಿಂಕ್ ನೆಚ್ಚಿಕೊಂಡ ಸಾಫ್ಟ್‌ವೇರ್. ನಿಮಗೆ ಎಫ್ ಇಲ್ಲದ ಇಂಟೆಲ್ ಅನ್ನುವುದು ನನ್ನ ಖಚಿತ ಮಾತು.

ಗೋಕಾಕ ಫಾಲ್ಸ್

ಈ 4:2:2 ವಿಷಯ ನನ್ನ ಲೆಕ್ಕದಲ್ಲಿ ಇರಲಿಲ್ಲ. ರೈಜೆನ್ 7600 ಒಳಗಿನ ಗ್ರಾಫಿಕ್ಸ್‌ಗೆ ಅದು ಬರುವುದಿಲ್ಲ, ನಿಜ. ಆದರೂ ಇನ್ನೊಂದು ದಾರಿ ಇದೆ: 7600 ಜೊತೆ ಆರ್‌ಟಿಎಕ್ಸ್ 5060. ಕಾರ್ಡ್ 4:2:2 ಬಿಚ್ಚುತ್ತದೆ, ಎಚ್.264 4:2:2 ಕೂಡ. ಇಂಟೆಲ್ 12, 13, 14ಕ್ಕೆ ಎಚ್.265 ಮಾತ್ರ ಬರುತ್ತದೆ ಅಲ್ವಾ? ಮುಂದೆ ಕ್ಯಾಮೆರಾ ಬದಲಿಸಿದರೆ?

ಟಿಳಕವಾಡಿ ಎಡಿಟರ್

ಹೌದು, ಅದು ಸರಿಯಾದ ಪ್ರಶ್ನೆ. ಎಚ್.264 4:2:2ದಲ್ಲಿ ಶೂಟ್ ಮಾಡುವವರಿಗೆ 50 ಸರಣಿಯೇ ಉತ್ತರ. ಅಕ್ಕನವರ ಕ್ಯಾಮೆರಾದಲ್ಲಿ ಎಚ್.265 ಇದೆ, ಅದನ್ನೇ ಉಳಿಸಿಕೊಳ್ಳಬಹುದು. ಇನ್ನು ಎಎಂ5 ಅಂದರೆ ಡಿಡಿಆರ್5 ರ‍್ಯಾಮೇ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ನಿಮಗೂ ಗೊತ್ತು. 7600, ಬೋರ್ಡ್, 32 ಜಿಬಿ ಡಿಡಿಆರ್5, 5060 ಕಾರ್ಡ್, ಎಲ್ಲ ಸೇರಿದರೆ 70 ಸಾವಿರ ದಾಟುತ್ತದೆ.

ಅಕ್ಕನವರ ಹತ್ತಿರ ಆಗಲೇ 16 ಜಿಬಿ ಡಿಡಿಆರ್4 ಇದೆ. ಡಿಡಿಆರ್4 ಹಾಕಬಹುದಾದ ಬಿ760 ಬೋರ್ಡ್ ತಗೊಂಡರೆ ಆ ರ‍್ಯಾಮ್ ಕೆಲಸಕ್ಕೆ ಬರುತ್ತದೆ. ಬೋರ್ಡಿನ ಹೆಸರಿನಲ್ಲಿ "ಡಿ4" ಅಂತ ಇದೆಯಾ ನೋಡಿ. ಒಂದೇ ಬೋರ್ಡಿಗೆ ಎರಡು ಬಗೆಯ ರ‍್ಯಾಮ್ ಕೂರುವುದಿಲ್ಲ. ನಾಲ್ಕು ಸ್ಲಾಟ್ ಇರುವ ಬೋರ್ಡೇ ಇರಲಿ, ಆಮೇಲೆ ಇನ್ನೆರಡು ಸೇರಿಸಬಹುದು.

ಪ್ರೊಸೆಸರ್‌ನಲ್ಲಿ ಒಂದು ಸೂಕ್ಷ್ಮ ಇದೆ. 12400, 13400, 14400 ಮೂರರಲ್ಲೂ ಇರುವುದು ಯುಎಚ್‌ಡಿ 730. 12500, 13500, 14500ರಲ್ಲಿ ಯುಎಚ್‌ಡಿ 770. ಗೇಮ್‌ಗೆ ಎರಡೂ ಅಷ್ಟಕ್ಕಷ್ಟೆ. ಆದರೆ 730ರಲ್ಲಿ ವಿಡಿಯೋ ಬಿಚ್ಚುವ ಎಂಜಿನ್ ಒಂದು, 770ರಲ್ಲಿ ಎರಡು. ಎರಡು ಕ್ಯಾಮೆರಾದ ಕ್ಲಿಪ್ ಒಟ್ಟಿಗೆ ಓಡಿಸುವವರಿಗೆ ಇದು ಗೊತ್ತಾಗುತ್ತದೆ. 13500 ಮತ್ತು 14500ರಲ್ಲಿ 14 ಕೋರ್, 20 ಥ್ರೆಡ್. ಆರು ದೊಡ್ಡ ಕೋರ್, ಎಂಟು ಸಣ್ಣವು. ಎಕ್ಸ್‌ಪೋರ್ಟ್ ಹೊತ್ತಿಗೆ ಸಣ್ಣವೂ ದುಡಿಯುತ್ತವೆ. ಸಿಕ್ಕರೆ 14500, ಸಿಗದಿದ್ದರೆ 14400. ಎರಡಕ್ಕೂ ಎಫ್ ಬೇಡ.

ಉದ್ಯಮಬಾಗ್ ಕ್ಯಾಡ್

13, 14ನೇ ಜನರೇಶನ್ ಹಾಳಾಗುತ್ತವೆ ಅಂತ ಸುದ್ದಿ ಇತ್ತಲ್ಲ?

ಟಿಳಕವಾಡಿ ಎಡಿಟರ್

ಇತ್ತು. ವೋಲ್ಟೇಜ್ ಜಾಸ್ತಿ ಹೋಗಿ ಪ್ರೊಸೆಸರ್ ಸವೆಯುತ್ತಿತ್ತು. ಹೆಚ್ಚಾಗಿ ಐ7, ಐ9 ಮತ್ತು ಹೆಸರಿನ ಕೊನೆಗೆ "ಕೆ" ಇರುವ ಮಾದರಿಗಳಲ್ಲಿ. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಬಯಾಸ್ ಜೊತೆ ಬರುವ ಪ್ರೊಸೆಸರ್ ಸಾಫ್ಟ್‌ವೇರ್) ತಿದ್ದುಪಡಿ ಬಿಟ್ಟಿತು, ಆ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಯಾವ ಮಾದರಿ ಕೊಂಡರೂ ಅಂಗಡಿಯಲ್ಲೇ ಹೊಸ ಬಯಾಸ್ ಹಾಕಿಸಿಕೊಳ್ಳಿ. ಸೀಲ್ ಇರುವ ಬಾಕ್ಸ್ ಪ್ರೊಸೆಸರ್ ಕೇಳಿ. ಬಿಡಿಯಾಗಿ ಬರುವ ಟ್ರೇ ಪ್ರೊಸೆಸರ್‌ಗೆ ಕೂಲರ್ ಇರುವುದಿಲ್ಲ, ಕಂಪನಿಯ ಮೂರು ವರ್ಷದ ವಾರಂಟಿಯೂ ನೇರವಾಗಿ ಸಿಗುವುದಿಲ್ಲ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರಲಿ.

ಗುಮ್ಮಟನಗರಿ (ವಿಜಯಪುರ)

ಎಲ್ಲರೂ ಚಿಪ್ ಬಗ್ಗೆ ಹೇಳಿದಿರಿ, ಕರೆಂಟ್ ಮತ್ತು ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಎಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಕೋಣೆಯೇ ಕಾದಿರುವಾಗ ಕ್ಯಾಬಿನೆಟ್ ಒಳಗಿನ ಗಾಳಿ ಇನ್ನೂ ಬಿಸಿ. ಪ್ರೊಸೆಸರ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ದೊಡ್ಡ ಪ್ರೊಸೆಸರ್ ಹಾಕಿ ಗಾಳಿ ಆಡದ ಗಾಜಿನ ಡಬ್ಬಿಯಲ್ಲಿಟ್ಟರೆ ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ. ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್ ತಗೊಳ್ಳಿ. ಮುಂದೆ ಎರಡು ಫ್ಯಾನ್ ಒಳಗೆಳೆಯಲಿ, ಹಿಂದೆ ಒಂದು ಹೊರಹಾಕಲಿ. ಎರೆ ಮಣ್ಣಿನ ಧೂಳು ಸಣ್ಣದು, ಫಿಲ್ಟರ್ ಇದ್ದರೂ ನುಗ್ಗುತ್ತದೆ. ಆಗಾಗ ಬ್ಲೋವರ್ ಹಿಡಿಯಬೇಕು. ಆಗ ಫ್ಯಾನ್ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ತಿರುಗಲು ಬಿಡಬೇಡಿ.

ಯುಪಿಎಸ್ ಲೆಕ್ಕ ಇನ್ನೂ ಮುಖ್ಯ. ಸಾಮಾನ್ಯ 600 ವಿಎ ಯುಪಿಎಸ್ ಎಳೆಯುವುದು ಸುಮಾರು 360 ವ್ಯಾಟ್. 14400 ಪೂರ್ತಿ ದುಡಿದರೆ 148 ವ್ಯಾಟ್‌ವರೆಗೆ ಹೋಗುತ್ತದೆ, 5060 ಕಾರ್ಡ್ 145. ಬೋರ್ಡ್, ಡಿಸ್ಕ್, ಮಾನಿಟರ್ ಸೇರಿದರೆ 360ರ ಅಂಚಿಗೆ ಬರುತ್ತೀರಿ. ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಹೋದರೆ ಯುಪಿಎಸ್ ಕೂಗಿ ಆರಿಹೋಗುತ್ತದೆ. ಕಾರ್ಡ್ ಹಾಕುವ ಯೋಚನೆ ಇದ್ದರೆ 1000 ವಿಎ ತಗೊಳ್ಳಿ. ಕಾರ್ಡ್ ಇಲ್ಲದಿದ್ದರೆ 600 ವಿಎಯೇ ನಡೆಯುತ್ತದೆ. ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೆ ಬಾಡಿಗೆ ಮಳಿಗೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ.

ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು ಬೇಡ. ಹೆಸರಿರುವ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಝ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ) ಸಾಕು. ಮುಂದೆ 5060 ಹಾಕಿದರೂ ಅದೇ ನಡೆಯುತ್ತದೆ.

ಇಂಡಿ ನಿಂಬೆ

ಈ ಎಸ್‌ಎಂಪಿಎಸ್, ಅರ್ಥಿಂಗ್ ಮಾತು ಬರೆದಿಟ್ಟುಕೊಂಡೆ. ಮಗನಿಗೂ ಓದಿಸಿದೆ. ಕಾರ್ಡ್ ಮುಂದಿನ ವರ್ಷ ಅಂತ ಒಪ್ಪಿದ್ದಾನೆ.

ನವನಗರ ಸ್ಟುಡಿಯೋ

ಹಾಗಾದರೆ ಕಾರ್ಡ್ ಬೇಡವೇ ಬೇಡ್ವಾ? ಕಾರ್ಡ್ ಇಲ್ಲದೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ ಅಂದರೆ ಇವರಿಗೆ ನಂಬಿಕೆ ಬರುತ್ತಿಲ್ಲ.

ಟಿಳಕವಾಡಿ ಎಡಿಟರ್

ನಂಬಬೇಡಿ, ಪರೀಕ್ಷೆ ಮಾಡಿ. ನಿಮ್ಮದೇ ಕ್ಯಾಮೆರಾದ ಎರಡು ಮೂರು ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಎಫ್ ಇಲ್ಲದ 12ನೇ ಜನರೇಶನ್ ಅಥವಾ ಮೇಲಿನ ಯಾವ ಕಂಪ್ಯೂಟರ್ ಇದ್ದರೂ ಸರಿ, ಕ್ಲಿಪ್‌ಗಳನ್ನು ಅದರ ಡಿಸ್ಕ್‌ಗೆ ಕಾಪಿ ಮಾಡಿ ಓಡಿಸಿ. ಟಾಸ್ಕ್ ಮ್ಯಾನೇಜರ್‌ನ ಆ ಗೆರೆ ನೋಡಿ.

ಕಾರ್ಡ್ ಪೂರ್ತಿ ಬೇಡ ಅನ್ನುವುದಿಲ್ಲ. ಪ್ರೀಮಿಯರ್‌ನಲ್ಲಿ ಕಲರ್, ಬ್ಲರ್, ಎಫೆಕ್ಟ್‌ಗಳ ಕೆಲಸ ಕಾರ್ಡಿನದು. ಆದರೆ ನಿಮ್ಮ ಬಳಿ 1050 ಟಿಐ ಇದೆ, 75 ವ್ಯಾಟ್‌ನ ಕಾರ್ಡ್, ಸಾಮಾನ್ಯವಾಗಿ ಬೇರೆ ಕೇಬಲ್ ಕೂಡ ಬೇಡ. ಅದನ್ನೇ ಹೊಸದರಲ್ಲಿ ಕೂರಿಸಿ. ಕ್ಲಿಪ್ ಬಿಚ್ಚುವುದು ಕ್ವಿಕ್ ಸಿಂಕ್, ಎಫೆಕ್ಟ್ ಕಾರ್ಡ್. ಆ ಕಾರ್ಡಿಗೆ ಹೊಸ ಡ್ರೈವರ್‌ಗಳು 2025ರ ಅಕ್ಟೋಬರ್‌ಗೆ ನಿಂತಿವೆ, ಭದ್ರತಾ ಅಪ್‌ಡೇಟ್ 2028ರವರೆಗೆ ಬರುತ್ತದೆ. ಈ ಸೀಜನ್ ದುಡಿದ ದುಡ್ಡಿನಲ್ಲಿ ಮುಂದೆ 50 ಸರಣಿಯದು ತಗೊಳ್ಳಿ.

ನವನಗರ ಸ್ಟುಡಿಯೋ

ಪರೀಕ್ಷೆ ಮಾಡಿ ಬಂದೆವು! ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಇಟ್ಟಿದ್ದ ಕಂಪ್ಯೂಟರೇ ಐ5-12400, ಕಾರ್ಡ್ ಇಲ್ಲ. ಅದರಲ್ಲಿ ನಮ್ಮ ಅರಿಶಿಣ ಶಾಸ್ತ್ರದ ಕ್ಲಿಪ್ ನೀರು ಹರಿದಂತೆ ಓಡಿತು. ಸಿಪಿಯು 20ರ ಆಸುಪಾಸು, ಡಿಕೋಡ್ ಗೆರೆ ಮೇಲೆ. ಇವರು ಎರಡೆರಡು ಸಲ ಓಡಿಸಿ ನೋಡಿದರು. ಅಂಗಡಿಯ ಹುಡುಗನೂ ಕುರ್ಚಿ ಎಳೆದುಕೊಂಡು ಕೂತ. ಎಫ್ ಇದ್ದರೆ ಇದು ಆಗುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ.

14500 ಇಲ್ಲಿ ಸ್ಟಾಕ್ ಇಲ್ಲ, ಹುಬ್ಬಳ್ಳಿಯಿಂದ ತರಿಸುತ್ತೇನೆ ಅಂದಿದ್ದಾರೆ. ಬಿ760 ಡಿ4 ಬೋರ್ಡ್, ನಾಲ್ಕು ಸ್ಲಾಟ್. ಹಳೆ ರ‍್ಯಾಮ್, ಹಳೆ ಕಾರ್ಡ್. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್, ಜಾಳಿಗೆ ಕ್ಯಾಬಿನೆಟ್. 70ರ ಒಳಗೇ ಆಯಿತು, ಉಳಿದದ್ದರಲ್ಲಿ 1000 ವಿಎ ಯುಪಿಎಸ್ ಕೂಡ ಹೇಳಿದ್ದೇವೆ. ಎಲ್ಲರಿಗೂ ತುಂಬಾ ಧನ್ಯವಾದ. ಕೂರಿಸಿದ ಮೇಲೆ ಸೆಟ್ಟಿಂಗ್ ಏನಾದರೂ ಮಾಡಬೇಕಾ?

ಟಿಳಕವಾಡಿ ಎಡಿಟರ್

ಬಹಳ ಸಂತೋಷ ಅಕ್ಕಾ. ಎರಡು ಸೆಟ್ಟಿಂಗ್ ಇವೆ, ಮರೆಯಬೇಡಿ. ಕಾರ್ಡ್ ಕೂರಿಸಿದ ಕೂಡಲೇ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ತಾವೇ ಬಂದ್ ಮಾಡುತ್ತವೆ. ಬಯಾಸ್‌ಗೆ ಹೋಗಿ "ಐಜಿಪಿಯು ಮಲ್ಟಿ ಮಾನಿಟರ್" ಅನ್ನುವುದನ್ನು ಎನೇಬಲ್ ಮಾಡಿ, ಆಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಜಿಪಿಯು ಕಾಣಬೇಕು. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಮೀಡಿಯಾ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್ ಟಿಕ್ ಇರಲಿ, ಅದರ ಕೆಳಗೆ ಇಂಟೆಲ್‌ಗೂ ಟಿಕ್ ಇರಲಿ.

ನವನಗರ ಸ್ಟುಡಿಯೋ

ಬರೆದುಕೊಂಡೆ ಅಣ್ಣಾ. ಹಳೆ ಕಂಪ್ಯೂಟರ್‌ನಲ್ಲಿ ರ‍್ಯಾಮ್, ಕಾರ್ಡ್ ಎರಡೂ ತೆಗೆದರೆ ಅದು ಸುಮ್ನೆ ಮೂಲೆ ಸೇರುತ್ತದೆ. ಆಲ್ಬಮ್ ಕೆಲಸಕ್ಕೆ ಉಳಿಸಿಕೊಳ್ಳಬಹುದಾ?

ಜಮಖಂಡಿ ಡಿಟಿಪಿ

ಖಂಡಿತ. ಐ5-7400 ಒಳಗೇ ಗ್ರಾಫಿಕ್ಸ್ ಇದೆ, ಮಾನಿಟರ್ ಕೇಬಲ್ ಬೋರ್ಡಿಗೆ ಹಾಕಿದರೆ ಆಯಿತು. ಒಂದು 8 ಜಿಬಿ ಸೆಕೆಂಡ್ಸ್ ಡಿಡಿಆರ್4 ಹುಡುಕಿ. ವಿಂಡೋಸ್ 11 ಅದಕ್ಕೆ ಅಧಿಕೃತವಾಗಿ ಬರುವುದಿಲ್ಲ, ಹಾಗಾಗಿ ಇಂಟರ್ನೆಟ್ ಬ್ಯಾಂಕಿಂಗ್ ಅದರಲ್ಲಿ ಬೇಡ. ಆಲ್ಬಮ್ ಶೀಟ್ ಮಾಡಲು, ಪ್ರಿಂಟ್ ಕೊಡಲು ಸಾಕು. ನನ್ನ ಹತ್ತಿರ ಒಂದು ಬಿಡಿ ರ‍್ಯಾಮ್ ಇದೆ, ಬಾಗಲಕೋಟೆಗೆ ಬಂದಾಗ ತರುತ್ತೇನೆ, ಹಾಕಿ ನೋಡಿ ನಡೆದರೆ ಇಟ್ಟುಕೊಳ್ಳಿ.